ಪ್ಲೇಟೋನ ನಗರಕ್ಕೆ 5040 ಮನೆಗಳೇ ಏಕೆ?

ಪ್ರಶ್ನೆ: ‘ರಿಪಬ್ಲಿಕ್’ ಕೃತಿಯಲ್ಲಿ ಕಾವಲುಗಾರರಿಗೆ (ನಗರವನ್ನು ಆಳುವ, ಕಾಯುವ ವರ್ಗಕ್ಕೆ) ಸ್ವಂತ ಆಸ್ತಿಯೇ ಬೇಡವೆಂದ ಗ್ರೀಕ್ ತತ್ತ್ವಜ್ಞಾನಿ ಪ್ಲೇಟೋ, ‘ಕಾನೂನುಗಳು’ ಕೃತಿಯಲ್ಲಿ ತಾನು ಕಲ್ಪಿಸಿದ ನಗರದ 5040 ಕುಟುಂಬಗಳಿಗೆ ಜಮೀನು ಹಂಚುತ್ತಾನೆ. ಈ ಲೆಕ್ಕ ಏಕೆ? ಅದು ನಡೆಯುವಂಥದ್ದೇ?

ಉತ್ತರ: ಆಡಳಿತದ ಅನುಕೂಲಕ್ಕಾಗಿ. 5040 ಅನ್ನು 1ರಿಂದ 10ರವರೆಗಿನ ಎಲ್ಲ ಸಂಖ್ಯೆಗಳಿಂದಲೂ, 12ರಿಂದಲೂ ಶೇಷವಿಲ್ಲದೆ ಭಾಗಿಸಬಹುದು. 12 ಪಂಗಡ ಮಾಡಿದರೆ ತಲಾ 420 ಮನೆ. ಪ್ರತಿ ಮನೆಗೆ ಎರಡು ತುಂಡು ಜಮೀನು, ಒಂದು ಊರ ಹತ್ತಿರ, ಇನ್ನೊಂದು ಗಡಿಯ ಕಡೆ. ಇದು ನಿಜಕ್ಕೂ ಜಾಣ ಏರ್ಪಾಡು: ಗಡಿಯಲ್ಲಿ ಯುದ್ಧವಾದರೆ ನಷ್ಟ ಎಲ್ಲರದೂ.

ತೊಡಕು ಸಂತಾನದಲ್ಲಿ: ಮಕ್ಕಳು ಹೆಚ್ಚಿದರೂ ಮನೆಗಳು 5040ರಲ್ಲೇ ಉಳಿಯಬೇಕು. ಜಮೀನು ಒಬ್ಬ ಮಗನಿಗೆ ಮಾತ್ರ. ಉಳಿದವರನ್ನು ಮಕ್ಕಳಿಲ್ಲದವರಿಗೆ ದತ್ತು ಕೊಡಿ, ಅದಕ್ಕೂ ಮೀರಿದರೆ ಹೊಸ ವಸಾಹತಿಗೆ ಕಳಿಸಿ ಎನ್ನುತ್ತಾನೆ ಪ್ಲೇಟೋ. ಅವನ ಶಿಷ್ಯ ಅರಿಸ್ಟಾಟಲ್‌ಗೆ ಇದು ಸಾಲದು: ಜನನಕ್ಕೆ ಮಿತಿಯಿಲ್ಲದೆ ಆಸ್ತಿಗಷ್ಟೇ ಮಿತಿ ಹಾಕಿದರೆ ಬಡತನ, ಅದರಿಂದ ದಂಗೆ.