ಕೃಪೆ ಎಂದು ಬರೆದರೆ ಅನುಮತಿ ಪಡೆದಂತಾಗುವುದಿಲ್ಲ

ಕಳೆದ ಕೆಲವು ತಿಂಗಳುಗಳಲ್ಲಿ ಬಂದ ಪತ್ರಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದಾಗ, ಬರೆದವರ ಊರು, ವೃತ್ತಿ, ವಯಸ್ಸು ಬೇರೆಬೇರೆಯಾದರೂ ಕೇಳಿರುವುದು ಮಾತ್ರ ಇನ್ನೊಬ್ಬರ ಕೃತಿಯನ್ನು ಅನುಮತಿಯಿಲ್ಲದೆ ಎಷ್ಟರಮಟ್ಟಿಗೆ ಬಳಸಬಹುದು ಎಂಬ ಒಂದೇ ಪ್ರಶ್ನೆ ಎಂಬುದು ಸ್ಪಷ್ಟವಾಯಿತು. ಅದಕ್ಕೆ ಈ ಹಿಂದೆ ಎರಡು ಸಲ ಚಿಕ್ಕದಾಗಿ ಉತ್ತರಿಸಿದ್ದೇನೆ. ಆದರೂ ಅದೇ ತಪ್ಪು ಕಲ್ಪನೆ ಅದೇ ಮಾತುಗಳಲ್ಲಿ ಮರಳಿ ಬರುತ್ತಿರುವುದರಿಂದ ಈ ಸಲ ಜಾಗದ ಬಹುಭಾಗವನ್ನು ಅದಕ್ಕೇ ಕೊಡುತ್ತಿದ್ದೇನೆ. ಹಕ್ಕುಸ್ವಾಮ್ಯ ಎಂದರೇನು, ನೋಂದಣಿ ಮಾಡಿಸದಿದ್ದರೂ ಅದು ಇರುತ್ತದೆಯೇ ಎಂಬಂಥ ಮೊದಲ ಪಾಠಗಳನ್ನು ಇಲ್ಲಿ ಹೇಳುವುದಿಲ್ಲ.

ಪ್ರಶ್ನೆ: ನಾನು ಯೂಟ್ಯೂಬ್‌ನಲ್ಲಿ ಕನ್ನಡದ ಕಥೆಗಳನ್ನು ಓದಿ ಕೇಳಿಸುವ ಚಾನೆಲ್ ನಡೆಸುತ್ತೇನೆ. ಪ್ರತಿ ವಿಡಿಯೊದಲ್ಲೂ ಲೇಖಕರ ಹೆಸರು ಹೇಳಿ ಕೃಪೆ ಎಂದು ಬರೆಯುತ್ತೇನೆ. ಅದರಿಂದ ಹಣ ಮಾಡುತ್ತಿಲ್ಲ. ಕೆಳಗೆ ಕಾಪಿರೈಟ್ ಕಾಯಿದೆಯ ಕಲಂ 107ರ ಪ್ರಕಾರ ಇದು ಫೇರ್ ಯೂಸ್ (ಅನುಮತಿಯಿಲ್ಲದೆಯೂ ಒಪ್ಪಿತವಾದ ಬಳಕೆ) ಎಂಬ ಡಿಸ್‌ಕ್ಲೇಮರ್ ಹಾಕಿದ್ದೇನೆ. ಒಂದು ಸಂಕಲನದಿಂದ ಆಯ್ದ ಕಥೆ ಇಡೀ ಪುಸ್ತಕದ ಶೇಕಡ 10ಕ್ಕಿಂತ ಕಡಿಮೆ ಇತ್ತು. ಆದರೂ ಪ್ರಕಾಶಕರು ದೂರು ಕೊಟ್ಟು ಯೂಟ್ಯೂಬ್‌ನಿಂದ ಸ್ಟ್ರೈಕ್ (ಕಾಪಿರೈಟ್ ಉಲ್ಲಂಘನೆಯ ಎಚ್ಚರಿಕೆ) ಬಂದಿದೆ. ನನ್ನ ತಪ್ಪೇನು? (ಶಿವಮೊಗ್ಗದ ಓದುಗರು)

ಉತ್ತರ: ನೀವು ಕೊಟ್ಟಿರುವ ನಾಲ್ಕು ಸಮರ್ಥನೆಗಳಲ್ಲಿ ಒಂದೂ ನಿಲ್ಲುವುದಿಲ್ಲ. ಪ್ರಾಮಾಣಿಕ ಸಾಹಿತ್ಯಪ್ರೀತಿಯಿಂದ ಕೆಲಸ ಮಾಡುತ್ತಿರುವವರಿಗೆ ಹೀಗೆ ಹೇಳುವುದು ನನಗೆ ಇಷ್ಟವಿಲ್ಲ, ಆದರೆ ಹೇಳದೆ ಬಿಟ್ಟರೆ ಮುಂದಿನ ಸ್ಟ್ರೈಕ್ ಬರುವುದು ಖಂಡಿತ.

ಮೊದಲು ಡಿಸ್‌ಕ್ಲೇಮರ್ ವಿಷಯ. ಕಲಂ 107 ಅಮೆರಿಕದ 1976ರ ಕಾಪಿರೈಟ್ ಕಾಯಿದೆಗೆ ಸೇರಿದ್ದು. ನಮ್ಮದು 1957ರ ಕಾಯಿದೆ, ಅದರಲ್ಲಿ ಒಟ್ಟು ಇರುವುದೇ 79 ಕಲಮುಗಳು. ಇಲ್ಲದ ಕಲಮನ್ನು ಕನ್ನಡದ ಸಾವಿರಾರು ವಿಡಿಯೊಗಳ ಕೆಳಗೆ ಒಬ್ಬರಿಂದೊಬ್ಬರು ನಕಲು ಮಾಡಿ ಅಂಟಿಸುತ್ತಿರುವುದನ್ನು ಕಂಡಾಗಲೆಲ್ಲ ನನ್ನ ತಾಳ್ಮೆ ತಪ್ಪುತ್ತದೆ. ಯೂಟ್ಯೂಬ್ ಅಮೆರಿಕದ ಕಂಪನಿಯಲ್ಲವೇ ಎಂದು ಕೆಲವರು ವಾದಿಸುತ್ತಾರೆ. ಸ್ಟ್ರೈಕಿನ ಪ್ರಕ್ರಿಯೆ ಅಮೆರಿಕದ ನಿಯಮದಂತೆ ನಡೆಯುತ್ತದೆ ಎಂಬುದು ನಿಜ. ಆದರೆ ಧಾರವಾಡದಲ್ಲಿರುವ ಲೇಖಕಿ ನಿಮ್ಮ ಮೇಲೆ ದಾವೆ ಹೂಡಬೇಕೆಂದರೆ, ನಮ್ಮ ಕಾಯಿದೆಯ ಕಲಂ 62ರ ಪ್ರಕಾರ ತಾವು ವಾಸಿಸುವ ಜಿಲ್ಲೆಯ ನ್ಯಾಯಾಲಯದಲ್ಲೇ ಹೂಡಬಹುದು, ಅಲ್ಲಿ ನ್ಯಾಯಾಧೀಶರು ತೆರೆದು ನೋಡುವುದು ಭಾರತದ ಕಾಯಿದೆಯನ್ನು.

ಅಮೆರಿಕದಲ್ಲಿಯೂ ಫೇರ್ ಯೂಸ್ ಎಂದು ಬರೆದುಕೊಂಡ ಮಾತ್ರಕ್ಕೆ ಅದು ಫೇರ್ ಯೂಸ್ ಆಗುವುದಿಲ್ಲ. ಬಳಕೆಯ ಉದ್ದೇಶವೇನು, ಮೂಲಕೃತಿ ಎಂಥದ್ದು, ಅದರಿಂದ ಎಷ್ಟು ಮತ್ತು ಯಾವ ಭಾಗವನ್ನು ತೆಗೆದುಕೊಂಡಿರಿ, ಅದರಿಂದ ಮೂಲಕೃತಿಯ ಮಾರುಕಟ್ಟೆಗೆ ಏನಾಯಿತು ಎಂಬ ನಾಲ್ಕು ಅಂಶಗಳನ್ನು ಅಲ್ಲಿನ ನ್ಯಾಯಾಲಯ ತೂಗಿ ನೋಡುತ್ತದೆ. ಮಾಜಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಅವರ ಇನ್ನೂ ಪ್ರಕಟವಾಗದಿದ್ದ ಆತ್ಮಕಥೆಯಿಂದ ಒಂದು ಪತ್ರಿಕೆ ಸುಮಾರು 300 ಪದಗಳನ್ನು ಯಥಾವತ್ತಾಗಿ ಎತ್ತಿ ಪ್ರಕಟಿಸಿತ್ತು. ಇಡೀ ಪುಸ್ತಕದ ಲೆಕ್ಕದಲ್ಲಿ ಅದು ಅತ್ಯಲ್ಪ. ಆದರೆ ಎತ್ತಿದ ಭಾಗ ತಮಗಿಂತ ಮೊದಲು ಅಧ್ಯಕ್ಷರಾಗಿದ್ದ ನಿಕ್ಸನ್ ಅವರಿಗೆ ಫೋರ್ಡ್ ಕ್ಷಮಾದಾನ ಕೊಟ್ಟದ್ದರ ಕುರಿತಾಗಿತ್ತು, ಓದುಗರು ಆ ಪುಸ್ತಕವನ್ನು ಕೊಳ್ಳುವುದೇ ಅದಕ್ಕಾಗಿ ಎಂಬಂಥ ಭಾಗ. 1985ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಫೇರ್ ಯೂಸ್ ಎಂದು ಒಪ್ಪಲಿಲ್ಲ. ಶೇಕಡ 10ರ ಲೆಕ್ಕ ಹಿಡಿದು ಕುಳಿತವರು ಈ ತೀರ್ಪನ್ನೊಮ್ಮೆ ಓದಬೇಕು. ಅಮೆರಿಕದ ಕಲಂ 107ರಲ್ಲಾಗಲಿ ಇಂಥ ವಿನಾಯಿತಿಗಳನ್ನು ಹೇಳುವ ನಮ್ಮ ಕಲಂ 52ರಲ್ಲಾಗಲಿ ಇಂತಿಷ್ಟು ಶೇಕಡ ತೆಗೆದುಕೊಂಡರೆ ತಪ್ಪಲ್ಲ ಎಂಬ ಮಾತಿಲ್ಲ. ನಿಮ್ಮ ವಿಷಯದಲ್ಲಂತೂ ಕಥೆಯೇ ಒಂದು ಪೂರ್ಣ ಕೃತಿ. ಅದನ್ನು ಸಂಕಲನದಲ್ಲಿ ಸೇರಿಸಿ ಮುದ್ರಿಸಿದ ಮಾತ್ರಕ್ಕೆ ಅದು ಸಂಕಲನದ ಹತ್ತನೆಯ ಒಂದು ತುಣುಕಾಗುವುದಿಲ್ಲ. ನೀವು ಓದಿದ್ದು ಆ ಕೃತಿಯ ಶೇಕಡ 100.

ನಮ್ಮ ಕಾನೂನಿನಲ್ಲಿರುವುದು ಫೇರ್ ಯೂಸ್ ಅಲ್ಲ, ಫೇರ್ ಡೀಲಿಂಗ್. ಎರಡನ್ನೂ ಕನ್ನಡದಲ್ಲಿ ನ್ಯಾಯೋಚಿತ ಬಳಕೆ ಎಂದೇ ಕರೆಯುವುದರಿಂದ ಗೊಂದಲ ಹೆಚ್ಚಿದೆ. ಅಮೆರಿಕದ ಬಾಗಿಲು ತೆರೆದಿದೆ: ಯಾವ ಉದ್ದೇಶವನ್ನಾದರೂ ಮುಂದಿಟ್ಟು ನ್ಯಾಯಾಲಯವನ್ನು ಒಪ್ಪಿಸಲು ಪ್ರಯತ್ನಿಸಬಹುದು. ನಮ್ಮಲ್ಲಿ ಉದ್ದೇಶಗಳನ್ನು ಶಾಸನವೇ ಹೆಸರಿಸಿದೆ. ಸಂಶೋಧನೆಯೂ ಸೇರಿದಂತೆ ಖಾಸಗಿ ಅಥವಾ ವೈಯಕ್ತಿಕ ಬಳಕೆ, ವಿಮರ್ಶೆ ಅಥವಾ ಪರಾಮರ್ಶೆ, ಪ್ರಚಲಿತ ವಿದ್ಯಮಾನಗಳ ವರದಿ ಇವೇ ಆ ಮೂರು. 2012ರ ತಿದ್ದುಪಡಿಯಿಂದ ಇವು ಚಲನಚಿತ್ರ ಮತ್ತು ಧ್ವನಿಮುದ್ರಣಗಳಿಗೂ ಅನ್ವಯಿಸುತ್ತವೆ, ಕಂಪ್ಯೂಟರ್ ಪ್ರೋಗ್ರಾಂ ಮಾತ್ರ ಹೊರಗಿದೆ. ಶಾಲೆ, ಗ್ರಂಥಾಲಯ, ನ್ಯಾಯಾಲಯದ ಕಲಾಪ, ಅಂಗವಿಕಲರಿಗಾಗಿ ಮಾಡುವ ಪ್ರತಿ ಮುಂತಾದವಕ್ಕೆ ಅದೇ ಕಲಮಿನಲ್ಲಿ ಪ್ರತ್ಯೇಕ ವಿನಾಯಿತಿಗಳಿವೆ. ನಿಮ್ಮ ಕೆಲಸ ಈ ಹೆಸರುಗಳಲ್ಲಿ ಒಂದಕ್ಕೆ ಸೇರಬೇಕು, ಸೇರಿದ ಮೇಲೆ ಅದು ನ್ಯಾಯೋಚಿತವೂ ಆಗಿರಬೇಕು. ಮೊದಲ ಮೆಟ್ಟಿಲನ್ನೇ ಹತ್ತದವರು ಎರಡನೆಯದರ ಬಗ್ಗೆ ವಾದಿಸಿ ಫಲವಿಲ್ಲ.

ಸಾವಿರಾರು ಜನ ಕೇಳಲೆಂದು ಹಾಕಿದ ವಿಡಿಯೊ ವೈಯಕ್ತಿಕ ಬಳಕೆಯಲ್ಲ. ಕಥೆ ಓದುವುದು ವರದಿಯೂ ಅಲ್ಲ. ಪ್ರಕಟಿತ ಕೃತಿಯ ಮಿತವಾದ ಭಾಗವೊಂದನ್ನು ಸಭೆಯಲ್ಲಿ ಓದಬಹುದು ಎಂಬ ವಿನಾಯಿತಿಯೂ ಉಂಟು, ಆದರೆ ಇಡೀ ಕಥೆ ಮಿತವಾದ ಭಾಗವಲ್ಲ, ಧ್ವನಿ ಮುದ್ರಿಸಿ ಅಂತರ್ಜಾಲದಲ್ಲಿ ಇರಿಸುವುದು ಸಭೆಯಲ್ಲಿ ಓದಿದಂತೆಯೂ ಅಲ್ಲ. ಹಾಗಾಗಿ ನಿಮಗೆ ಉಳಿಯುವುದು ವಿಮರ್ಶೆಯೊಂದೇ. ಅದರ ಅಳತೆಗೋಲು ಯಾವುದು ಎಂಬುದಕ್ಕೆ 1996ರಲ್ಲಿ ಕೇರಳ ಹೈಕೋರ್ಟ್ ಕೊಟ್ಟ ಸಿವಿಕ್ ಚಂದ್ರನ್ ಪ್ರಕರಣದ ತೀರ್ಪನ್ನು ನಾನು ಎಲ್ಲ ಕಕ್ಷಿದಾರರಿಗೂ ವಿವರಿಸುತ್ತೇನೆ. ಹೆಸರಾಂತ ಮಲಯಾಳಂ ನಾಟಕವೊಂದರ ವಿಚಾರಧಾರೆಯನ್ನು ಪ್ರಶ್ನಿಸಲೆಂದೇ ಅದಕ್ಕೊಂದು ಪ್ರತಿನಾಟಕವನ್ನು ಬರೆಯಲಾಗಿತ್ತು, ಮೂಲದ ಪಾತ್ರಗಳನ್ನೂ ಸಂಭಾಷಣೆಗಳನ್ನೂ ಸಾಕಷ್ಟು ಬಳಸಿಕೊಳ್ಳಲಾಗಿತ್ತು. ಟೀಕೆಯ ಪ್ರಮಾಣಕ್ಕೆ ಹೋಲಿಸಿದರೆ ಎತ್ತಿಕೊಂಡದ್ದು ಎಷ್ಟು ಮತ್ತು ಎಷ್ಟು ಮೌಲಿಕ, ಎತ್ತಿಕೊಂಡ ಉದ್ದೇಶವೇನು, ಎರಡು ಕೃತಿಗಳ ನಡುವೆ ಪೈಪೋಟಿ ಏರ್ಪಡುವ ಸಾಧ್ಯತೆಯಿದೆಯೇ ಎಂಬ ಮೂರು ಪ್ರಶ್ನೆಗಳನ್ನು ನ್ಯಾಯಾಲಯ ಕೇಳಿಕೊಂಡು, ಇಲ್ಲಿ ಎತ್ತಿಕೊಂಡದ್ದು ಟೀಕೆಗಾಗಿಯೇ ಹೊರತು ಮೂಲವನ್ನು ನಕಲು ಮಾಡುವುದಕ್ಕಲ್ಲ ಎಂದು ಕಂಡು ಪ್ರತಿನಾಟಕದ ಪರ ನಿಂತಿತು.

ಈ ಮೂರು ಪ್ರಶ್ನೆಗಳನ್ನು ನಿಮ್ಮ ವಿಡಿಯೊಗೆ ಹಾಕಿ ನೋಡಿ. ಹತ್ತು ಪುಟದ ಕಥೆಯಿಂದ ನಾಲ್ಕು ವಾಕ್ಯಗಳನ್ನು ಓದಿ, ನಿರೂಪಕನ ಧ್ವನಿ ಅಲ್ಲಿ ಏಕೆ ಬದಲಾಗುತ್ತದೆ ಎಂದು ಕಾಲು ಗಂಟೆ ಚರ್ಚಿಸಿದರೆ ಅದು ವಿಮರ್ಶೆ, ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ, ಹೊಗಳಬೇಕೆಂಬ ನಿಯಮವೂ ಇಲ್ಲ. ಕಥೆ ಕೆಟ್ಟದಾಗಿದೆ ಎಂದು ತೋರಿಸಲು ಕೆಟ್ಟ ವಾಕ್ಯಗಳನ್ನೇ ಉದ್ಧರಿಸಿದರೆ ಲೇಖಕರು ಬೇಸರಪಡಬಹುದು, ತಡೆಯುವಂತಿಲ್ಲ. ಎಂಟೇ ಸಾಲಿನ ಕವಿತೆಯ ಬಗ್ಗೆ ಮಾತನಾಡಲು ಎಂಟೂ ಸಾಲನ್ನು ಉದ್ಧರಿಸುವುದು ಅನಿವಾರ್ಯವಾಗಬಹುದು, ಅದೂ ನ್ಯಾಯೋಚಿತವಾಗಬಹುದು. ಶೇಕಡವಾರು ಲೆಕ್ಕ ಅರ್ಥಹೀನ ಎಂದು ನಾನು ಹೇಳುವುದು ಈ ಕಾರಣಕ್ಕೂ ಹೌದು. ಆದರೆ ಹತ್ತು ಪುಟವನ್ನೂ ಹಿನ್ನೆಲೆ ಸಂಗೀತದೊಂದಿಗೆ ಓದಿ, ಕೊನೆಯಲ್ಲಿ ಎಷ್ಟು ಸೊಗಸಾದ ಕಥೆಯಲ್ಲವೇ ಎಂದರೆ ಅದು ಆಡಿಯೊ ಪುಸ್ತಕ. ಅದನ್ನು ಕೇಳಿದವರು ಪ್ರಕಾಶಕರ ಆಡಿಯೊ ಪುಸ್ತಕವನ್ನು ಕೊಳ್ಳುವ ಅಗತ್ಯವಿರುವುದಿಲ್ಲ. ನೀವು ಹಣ ಮಾಡದಿದ್ದರೂ ಲೇಖಕರಿಗೆ ಬರಬೇಕಾದದ್ದು ತಪ್ಪಿತು ಎಂಬುದನ್ನೇ ನ್ಯಾಯಾಲಯ ಗಮನಿಸುತ್ತದೆ. ಕನ್ನಡದ ಬಹುಪಾಲು ಲೇಖಕರಿಗೆ ಬರುವ ಗೌರವಧನ ಎಷ್ಟು ಚಿಕ್ಕದೆಂದು ಬಲ್ಲ ನಾನು ಇದನ್ನು ಕಾನೂನಿನ ಮಾತಾಗಿ ಮಾತ್ರ ಹೇಳುತ್ತಿಲ್ಲ.

ಕೃಪೆಯ ವಿಷಯ. ಲೇಖಕರ ಹೆಸರು ಹೇಳುವುದು ಅಗತ್ಯ, ತಮ್ಮ ಕೃತಿ ತಮ್ಮದೆಂದು ಹೇಳಿಕೊಳ್ಳುವ ಹಕ್ಕನ್ನು ಕಲಂ 57 ಅವರಿಗೆ ಪ್ರತ್ಯೇಕವಾಗಿಯೇ ಕೊಟ್ಟಿದೆ. ಆದರೆ ತೋಟದ ಯಜಮಾನನ ಹೆಸರನ್ನು ಕೂಗಿ ಹೇಳಿ ತೆಂಗಿನಕಾಯಿ ಕಿತ್ತುಕೊಂಡರೆ ಕಿತ್ತದ್ದು ಸರಿಯಾಗುವುದಿಲ್ಲ.

ಇನ್ನು ಮುಂದೇನು ಮಾಡಬೇಕು? ಸ್ಟ್ರೈಕ್ ತೆಗೆಸಿಕೊಡುತ್ತೇವೆಂದು ದುಡ್ಡು ಕೇಳುವವರಿಂದ ದೂರವಿರಿ. ಅವರು ಮಾಡುವುದಿಷ್ಟೇ: ದೂರು ತಪ್ಪೆನ್ನುವ ಸಿದ್ಧ ಮಾದರಿಯ ಪ್ರತಿನೋಟಿಸನ್ನು ನಿಮ್ಮ ಹೆಸರಿನಲ್ಲಿ ಕಳುಹಿಸುತ್ತಾರೆ. ಆ ಪ್ರತಿನೋಟಿಸಿನಲ್ಲಿ, ಸುಳ್ಳಾದರೆ ಶಿಕ್ಷೆಗೆ ಒಳಪಡುತ್ತೇನೆಂಬ ಪ್ರಮಾಣವೂ ಅಮೆರಿಕದ ನ್ಯಾಯಾಲಯದ ವ್ಯಾಪ್ತಿಗೆ ಒಪ್ಪಿಗೆಯೂ ಇರುತ್ತದೆ ಎಂಬುದನ್ನು ಅವರು ಹೇಳುವುದಿಲ್ಲ. ಇಂಥ ಪ್ರಮಾಣಕ್ಕೆ ಓದದೆಯೇ ಸಹಿ ಹಾಕಿ ಆಮೇಲೆ ನನ್ನ ಬಳಿ ಬಂದವರನ್ನು ಕಂಡಿದ್ದೇನೆ, ಆ ಹೊತ್ತಿಗೆ ನಾನು ಮಾಡಬಹುದಾದದ್ದು ಬಹಳ ಕಡಿಮೆ. ಪ್ರಕಾಶಕರಿಗೆ ನೇರವಾಗಿ ಬರೆದು ದೂರನ್ನು ಹಿಂತೆಗೆದುಕೊಳ್ಳುವಂತೆ ಕೇಳಿಕೊಳ್ಳಿ. 90 ದಿನಗಳೊಳಗೆ ಮೂರು ಸ್ಟ್ರೈಕ್ ಬಂದರೆ ಚಾನೆಲ್ ಹೋಗುತ್ತದೆ. ಚಾನೆಲ್ಲಿನಲ್ಲಿರುವ ಇತರ ಪೂರ್ಣ ವಾಚನಗಳನ್ನೂ ಇವತ್ತೇ ಮರೆಮಾಡಿ. ಒಬ್ಬೊಬ್ಬರೇ ಲೇಖಕರಿಗೆ ಬರೆದು ಅನುಮತಿ ಕೇಳಿ, ಬಾಯಿಮಾತಿನ ಒಪ್ಪಿಗೆಗೆ ತೃಪ್ತರಾಗದೆ ಬರಹದಲ್ಲೇ ಪಡೆಯಿರಿ, ಆಡಿಯೊ ಹಕ್ಕು ಲೇಖಕರಲ್ಲಿದೆಯೋ ಪ್ರಕಾಶಕರಲ್ಲಿದೆಯೋ ಎಂಬುದನ್ನೂ ಕೇಳಿ. ನಾನು ಸ್ವಭಾವತಃ ಅತಿ ಎಚ್ಚರಿಕೆಯ ಮನುಷ್ಯ, ವಿನಾಯಿತಿ ಸ್ಪಷ್ಟವಾಗಿ ಇರುವಲ್ಲಿಯೂ ಒಂದು ಪತ್ರ ಬರೆದು ಕೇಳಿಕೊಳ್ಳುತ್ತೇನೆ. ನೀವು ಅಷ್ಟು ದೂರ ಹೋಗಬೇಕಿಲ್ಲ. ಆದರೆ ನಿಜವಾದ ವಿಮರ್ಶೆಯ ಮೇಲೆಯೂ ಬೆದರಿಕೆ ಬಂದರೆ ಹೆದರಿ ತೆಗೆದುಹಾಕಬೇಡಿ, ಆಧಾರವಿಲ್ಲದ ಬೆದರಿಕೆಯ ವಿರುದ್ಧ ಪರಿಹಾರ ಕೇಳಲು ಕಲಂ 60 ಇದೆ.

ಓದಿ ಕೇಳಿಸಲೇಬೇಕೆಂಬ ಆಸೆಯಿದ್ದರೆ ಹಕ್ಕು ಮುಗಿದ ಸಾಹಿತ್ಯ ಧಾರಾಳವಾಗಿದೆ. ಲೇಖಕರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ ಎಣಿಸಿ. 1963ರಲ್ಲಿ ತೀರಿಕೊಂಡ ಗೋವಿಂದ ಪೈಯವರು ತಮ್ಮ ಜೀವಿತಕಾಲದಲ್ಲಿ ಪ್ರಕಟಿಸಿದ ಬರಹಗಳು 2024ರ ಜನವರಿ 1ರಿಂದ ಎಲ್ಲರವು. 1981ರಲ್ಲಿ ತೀರಿಕೊಂಡ ಬೇಂದ್ರೆಯವರವು 2041ರ ಕೊನೆಯವರೆಗೂ, 1994ರಲ್ಲಿ ತೀರಿಕೊಂಡ ಕುವೆಂಪು ಅವರವು 2054ರ ಕೊನೆಯವರೆಗೂ ಹಾಗಲ್ಲ. ನಾಡಿನ ಕವಿ, ಎಲ್ಲರ ಆಸ್ತಿ ಎಂಬ ಮಾತು ಭಾಷಣಕ್ಕೆ ಒಪ್ಪುತ್ತದೆ, ದಾವೆಯಲ್ಲಿ ಉತ್ತರವಾಗುವುದಿಲ್ಲ. ವಚನಗಳಿಗೆ ಯಾವ ತಡೆಯೂ ಇಲ್ಲ, ಆದರೆ ಇಂದಿನ ಸಂಪಾದಕರು ಬರೆದ ಮುನ್ನುಡಿ ಮತ್ತು ಟಿಪ್ಪಣಿಗಳಿಗೆ ಇದೆ.

ಪ್ರಶ್ನೆ: ಶಾಲಾ ವಾರ್ಷಿಕೋತ್ಸವದಲ್ಲಿ ಮಕ್ಕಳಿಂದ ಆಧುನಿಕ ನಾಟಕವೊಂದನ್ನು ಆಡಿಸಲು ಅನುಮತಿ ಬೇಕೇ? (ಕುಂದಾಪುರದ ಶಿಕ್ಷಕಿ)

ಉತ್ತರ: ಶಾಲೆಯ ಚಟುವಟಿಕೆಯಾಗಿ ಸಿಬ್ಬಂದಿ ಮತ್ತು ವಿದ್ಯಾರ್ಥಿಗಳೇ ಆಡಿ, ನೋಡುವವರೂ ಅವರು, ಪೋಷಕರು ಮತ್ತು ಶಾಲೆಗೆ ಸಂಬಂಧಪಟ್ಟವರು ಮಾತ್ರವಾಗಿದ್ದರೆ ಬೇಕಿಲ್ಲ. ನಿಮ್ಮ ಕರಾವಳಿಯದೇ ಒಂದು ಪ್ರಕರಣ ಇಲ್ಲಿ ನೆನಪಿಗೆ ಬರುತ್ತದೆ. ಶಿವರಾಮ ಕಾರಂತರು ಯಕ್ಷಗಾನಕ್ಕೆ ಕೊಟ್ಟ ಬ್ಯಾಲೆ ರೂಪವನ್ನು ಅವರ ನಿಧನಾನಂತರ, 2001ರಲ್ಲಿ, ಮಣಿಪಾಲದ ಶಿಕ್ಷಣ ಸಂಸ್ಥೆಯೊಂದು ದೆಹಲಿಯಲ್ಲಿ ಪ್ರದರ್ಶಿಸಿದಾಗ, ಅವರ ಉಯಿಲಿನ ಪ್ರಕಾರ ಹಕ್ಕು ಪಡೆದವರು ದಾವೆ ಹೂಡಿದರು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಹಕ್ಕು ಉಯಿಲಿನಿಂದ ಬಂದದ್ದು ನಿಜವೆಂದು ಒಪ್ಪಿ ತಡೆಯಾಜ್ಞೆಯನ್ನು ಉಳಿಸಿದ ನ್ಯಾಯಾಲಯ, ಕಲಂ 52ರ ವಿನಾಯಿತಿಗಳ ಮಿತಿಯೊಳಗೆ ನಡೆಯುವ ಪ್ರದರ್ಶನಕ್ಕೆ ಆ ತಡೆ ಅಡ್ಡಿಯಾಗದು ಎಂದು 2009ರಲ್ಲಿ ಹೇಳಿತು. ನೀವು ನೆನಪಿಡಬೇಕಾದದ್ದು ಆ ಮಿತಿಯನ್ನು. ಟಿಕೆಟ್ ಮಾರಿ ಊರಿನವರನ್ನೆಲ್ಲ ಕರೆದರೆ, ಅಥವಾ ಪ್ರದರ್ಶನವನ್ನು ಚಿತ್ರೀಕರಿಸಿ ಶಾಲೆಯ ಚಾನೆಲ್ಲಿಗೆ ಹಾಕಿದರೆ ನಾಟಕಕಾರರನ್ನು ಕೇಳಬೇಕು. ಎರಡನೆಯದನ್ನು ಈಗ ಬಹುತೇಕ ಎಲ್ಲ ಶಾಲೆಗಳೂ ಯೋಚಿಸದೆ ಮಾಡುತ್ತಿವೆ.

ಪ್ರಶ್ನೆ: ಫೋಟೊಕಾಪಿ ಪ್ರಕರಣದ ಬಳಿಕ ಪಠ್ಯಪುಸ್ತಕಗಳ ಪಿಡಿಎಫ್ ಅನ್ನು ಟೆಲಿಗ್ರಾಂನಲ್ಲಿ ಹಂಚುವುದು ಕಾನೂನುಬದ್ಧವಲ್ಲವೇ? (ಕಲಬುರಗಿಯ ವಿದ್ಯಾರ್ಥಿ)

ಉತ್ತರ: ಅಲ್ಲ. ಆ ಪ್ರಕರಣದಲ್ಲಿ 2016ರಲ್ಲಿ ದೆಹಲಿ ಹೈಕೋರ್ಟ್ ಮುಂದಿದ್ದದ್ದು ವಿಶ್ವವಿದ್ಯಾಲಯದ ಪಠ್ಯಕ್ರಮಕ್ಕೆ ತಕ್ಕಂತೆ ಆಯ್ದ ಪುಟಗಳನ್ನು ಫೋಟೊಕಾಪಿ ಮಾಡಿದ ಕಟ್ಟು, ಅದೂ ಬೋಧನೆಯ ಅಂಗವಾಗಿ ಬಳಸುವಂಥದ್ದು. ಇಡೀ ಪುಸ್ತಕಗಳನ್ನು ಅಪರಿಚಿತರಿಗೆ ಹಂಚುವ ಗುಂಪಿಗೆ ಆ ತೀರ್ಪು ರಕ್ಷಣೆ ಕೊಡುವುದಿಲ್ಲ. ನಿಮ್ಮ ಅಧ್ಯಯನಕ್ಕೆ ಬೇಕಾದ ಅಧ್ಯಾಯವನ್ನು ಗ್ರಂಥಾಲಯದ ಪ್ರತಿಯಿಂದ ನಕಲು ಮಾಡಿಕೊಳ್ಳಿ, ಅದಕ್ಕೆ ಯಾರ ಅಡ್ಡಿಯೂ ಇಲ್ಲ.

ಪ್ರಶ್ನೆ: ಏಳು ಸೆಕೆಂಡಿಗಿಂತ ಕಡಿಮೆ ಹಾಡನ್ನು ಬಳಸಬಹುದು ಎನ್ನುತ್ತಾರಲ್ಲ?

ಉತ್ತರ: ಹಾಗೆನ್ನುವವರು ಕಾಯಿದೆಯ ಯಾವ ಕಲಮಿನಲ್ಲಿ ಅದಿದೆ ಎಂದು ತೋರಿಸಲಿ.

ಪ್ರಶ್ನೆ: ಮಲಯಾಳಂ ಕಥೆಯೊಂದನ್ನು ನಾನೇ ಅನುವಾದಿಸಿದ್ದೇನೆ, ಅದು ನನ್ನ ಸ್ವಂತ ಶ್ರಮವಲ್ಲವೇ?

ಉತ್ತರ: ಶ್ರಮ ನಿಮ್ಮದು, ಅನುವಾದಿಸುವ ಹಕ್ಕು ಮೂಲ ಲೇಖಕರದು, ಕೇಳಿ ಪ್ರಕಟಿಸಿ.

ಪ್ರಶ್ನೆ: ಮದುವೆ ಮೆರವಣಿಗೆಯಲ್ಲಿ ಸಿನಿಮಾ ಹಾಡು ನುಡಿಸಿದ್ದಕ್ಕೆ ಲೈಸೆನ್ಸ್ ಶುಲ್ಕ ಕೇಳುತ್ತಿದ್ದಾರೆ, ಕೊಡಬೇಕೇ?

ಉತ್ತರ: ಬೇಕಿಲ್ಲ. ವಿವಾಹದ ಮೆರವಣಿಗೆ ಮತ್ತು ಅದಕ್ಕೆ ಸಂಬಂಧಿಸಿದ ಸಮಾರಂಭಗಳು ಕಲಂ 52ರ ವಿನಾಯಿತಿಯೊಳಗೇ ಇವೆ, ಕೇಳಿದವರಿಂದ ಬರಹದಲ್ಲಿ ಬೇಡಿಕೆ ಪಡೆದುಕೊಂಡು ನನಗೆ ಕಳುಹಿಸಿ.