ಆಟಗಾರರನ್ನು ನೋಡಿ ಆಟವನ್ನು ಕಟ್ಟಿ

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನ ಪ್ರೌಢಶಾಲೆಯೊಂದರ ದೈಹಿಕ ಶಿಕ್ಷಣ ಶಿಕ್ಷಕ. ನಮ್ಮ ಹಾಕಿ ತಂಡ ಎದುರಾಳಿಯ ಅಂಗಳದಲ್ಲೇ ಚೆಂಡನ್ನು ಕಸಿದುಕೊಳ್ಳುವ ಬಿರುಸಿನ ಆಟವಾಡಬೇಕೆಂಬುದು ನನ್ನ ಆಸೆ. ಆದರೆ ಹುಡುಗರಲ್ಲಿ ಇಬ್ಬರು ಮಾತ್ರ ವೇಗದ ಓಟಗಾರರು. ಉಳಿದವರಿಗೆ ಚೆಂಡಿನ ಮೇಲೆ ಹಿಡಿತವಿದೆ, ಓಟವಿಲ್ಲ. ಶೈಲಿಯನ್ನು ಬದಲಿಸಲೇ, ತಂಡವನ್ನು ಬದಲಿಸಲೇ?

ಉತ್ತರ: ಶೈಲಿಯನ್ನು ಬದಲಿಸಿ. ದೇಶದ ತಂಡದ ತರಬೇತುದಾರರು ತಮ್ಮ ವಿಚಾರಕ್ಕೆ ಹೊಂದುವವರನ್ನು ಆರಿಸಿಕೊಳ್ಳಬಲ್ಲರು. ನಿಮಗೆ ಈ ವರ್ಷ ಶಾಲೆಯಲ್ಲಿರುವ ಮಕ್ಕಳೇ ತಂಡ.

ನೀವು ಬಯಸಿದ ಆಟಕ್ಕೆ ಮುಂಚೂಣಿಯ ಆಟಗಾರರೆಲ್ಲ ಒಟ್ಟಿಗೆ ನುಗ್ಗಬೇಕಾಗುತ್ತದೆ. ಅವರಲ್ಲಿ ಒಬ್ಬ ಹಿಂದುಳಿದರೂ ಎದುರಾಳಿ ಒಂದೇ ಪಾಸ್‌ನಲ್ಲಿ ಆ ಸಂದಿನಿಂದ ನುಸುಳಿ, ನಿಮ್ಮ ಮಿಡ್‌ಫೀಲ್ಡನ್ನೇ ದಾಟಿ ಹೋಗುತ್ತಾನೆ. ಆದ್ದರಿಂದ ಉಳಿದವರನ್ನು ನಿಮ್ಮ ಅರ್ಧ ಅಂಗಳದಲ್ಲಿ ಒತ್ತೊತ್ತಾಗಿ ನಿಲ್ಲಿಸಿ, ಆ ಇಬ್ಬರು ಓಟಗಾರರನ್ನು ಮುಂದೆ ಬಿಡುವುದು ಮೇಲು. ಭಾರತ ತಂಡದಲ್ಲಿ ಮುಂಚೂಣಿಯಲ್ಲಿ ಆಡಿದ ಕೊಡಗಿನ ಎಸ್.ವಿ. ಸುನಿಲ್ ಅವರಂಥ ವೇಗಿಗಳಿಗೂ ಎದುರಿಗೆ ಖಾಲಿ ಜಾಗವಿದ್ದಾಗಲೇ ವೇಗ ಫಲ ಕೊಡುತ್ತಿತ್ತು. ಎದುರಾಳಿಯನ್ನು ಮುಂದಕ್ಕೆ ಬರಗೊಟ್ಟರೆ ಆ ಜಾಗ ತಾನಾಗಿ ತೆರೆದುಕೊಳ್ಳುತ್ತದೆ.

ಇದನ್ನು ಅಂಜುಬುರುಕ ಆಟವೆಂದು ಯಾರಾದರೂ ಜರೆದರೆ, 2024ರ ಪ್ಯಾರಿಸ್ ಒಲಿಂಪಿಕ್ಸ್ ಕ್ವಾರ್ಟರ್‌ಫೈನಲ್ಲನ್ನು ನೆನಪಿಸಿ. ಗೆಲುವಿಗೆ ರಕ್ಷಣೆಯೇ ಬುನಾದಿಯೆಂದು ನಂಬಿದ ತರಬೇತುದಾರ ಕ್ರೇಗ್ ಫುಲ್ಟನ್ ಅವರ ಭಾರತ ತಂಡ, 17ನೇ ನಿಮಿಷದಲ್ಲಿ ಡಿಫೆಂಡರ್ ಅಮಿತ್ ರೋಹಿದಾಸ್ ಕೆಂಪು ಕಾರ್ಡ್ ಪಡೆದ ಮೇಲೆ 40 ನಿಮಿಷಕ್ಕೂ ಹೆಚ್ಚು ಕಾಲ ಹತ್ತೇ ಜನರೊಂದಿಗೆ ಬ್ರಿಟನ್ನನ್ನು 1-1ರಲ್ಲಿ ತಡೆದು ನಿಲ್ಲಿಸಿ, ಶೂಟೌಟ್‌ನಲ್ಲಿ 4-2ರಿಂದ ಗೆದ್ದಿತು. ಮಿಡ್‌ಫೀಲ್ಡಿನ ಮನ್‌ಪ್ರೀತ್ ಸಿಂಗ್ ರಕ್ಷಣೆಗೆ ಇಳಿಯಬಲ್ಲವರಾಗಿದ್ದುದು ಅಂದು ದೊಡ್ಡ ಬಲವಾಯಿತು. ಎರಡು ಜಾಗದಲ್ಲಿ ಆಡಬಲ್ಲ ಒಬ್ಬನನ್ನಾದರೂ ನೀವೂ ಈಗಲೇ ತಯಾರು ಮಾಡಿ.

ನಿಮ್ಮ ಮೈದಾನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಟರ್ಫ್ ಮೇಲೆ ನಯವಾಗಿ ಸಾಗುವ ಸಣ್ಣ ಪಾಸ್‌ಗಳು ಮಲೆನಾಡಿನ ಮಳೆಗಾಲದ ಕೆಸರಿನಲ್ಲಿ ಅರ್ಧಕ್ಕೇ ನಿಲ್ಲುತ್ತವೆ. ಅಂಥ ನೆಲದಲ್ಲಿ ಚೆಂಡಿನ ಹಿಡಿತ ಬಲ್ಲ ಹುಡುಗನ ಕೆಲಸ ಮೂವರನ್ನು ದಾಟುವುದಲ್ಲ. ಗೋಲಿನ ಮುಂದಿನ ಅರೆವೃತ್ತವಾದ ಸರ್ಕಲ್ ಒಳಗೆ ಹೋಗಿ, ಎದುರಾಳಿಯ ಕಾಲಿಗೆ ಚೆಂಡು ತಾಗಿಸಿ ಪೆನಾಲ್ಟಿ ಕಾರ್ನರ್ (ಆ ತಪ್ಪಿಗೆ ಸಿಗುವ, ಗೋಲಿಗೆ ಹೊಡೆಯುವ ಅವಕಾಶ) ಗಳಿಸುವುದು. ಅಲ್ಲಿ ಚೆಂಡನ್ನು ಕೋಲಿನಿಂದ ಎಳೆದು ಚಿಮ್ಮಿಸುವ ಡ್ರ್ಯಾಗ್‌ಫ್ಲಿಕ್ ಬರದಿದ್ದರೂ ಚಿಂತೆಯಿಲ್ಲ, ತೋಳಿನಲ್ಲಿ ಬಲವಿರುವ ಡಿಫೆಂಡರ್‌ಗೆ ನೇರ ಹೊಡೆತ ಕಲಿಸಿ. ಮೊದಲ ಹೊಡೆತದ ಚೆಂಡು ಗೋಲುಗೆರೆ ದಾಟುವಾಗ 460 ಮಿಲಿಮೀಟರ್ ಎತ್ತರ ಮೀರಬಾರದೆಂಬ ನಿಯಮವನ್ನು ಮಾತ್ರ ಅಭ್ಯಾಸದಲ್ಲೇ ಮನದಟ್ಟು ಮಾಡಿಸಿ.

ಹಾಗೆಂದು ನಿಮ್ಮ ಆಸೆಯನ್ನು ಪೂರ್ತಿ ಕೈಬಿಡಬೇಕಿಲ್ಲ. ಹಾಕಿಯಲ್ಲಿ ಆಟಗಾರರನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದಾದ್ದರಿಂದ, ಪ್ರತಿ ಕ್ವಾರ್ಟರ್‌ನ ಮೊದಲ ಮೂರು ನಿಮಿಷ ಮಾತ್ರ ಬಿರುಸಾಗಿ ನುಗ್ಗಿ, ಬಳಲಿದವರನ್ನು ಹೊರಗೆ ಕರೆದುಕೊಳ್ಳಿ. ಯಾವಾಗ ನುಗ್ಗಬೇಕು, ಯಾವಾಗ ಹಿಂದೆ ಸರಿಯಬೇಕೆಂದು ಕೂಗಿ ಹೇಳುವವನು ಮಿಡ್‌ಫೀಲ್ಡಿನ ನಡುವೆ ಆಡುವ ಸೆಂಟರ್ ಹಾಫ್ ಆಗಿರಲಿ. ಆ ಜಾಗಕ್ಕೆ ನಿಮ್ಮ ಅತ್ಯಂತ ಚತುರ ಡ್ರಿಬ್ಲರ್‌ಗಿಂತ, ಚೆಂಡು ಬರುವ ಮೊದಲೇ ತಲೆಯೆತ್ತಿ ಸುತ್ತ ನೋಡುವ ಹುಡುಗನನ್ನು ಹುಡುಕಿ.