ಪಾಕಿಸ್ತಾನದಲ್ಲಿ ಎಲ್ಲರ ಮನೆಮಾತೂ ಉರ್ದುವೇ?

ಇಲ್ಲ. ಉರ್ದು ಅಲ್ಲಿನ ರಾಷ್ಟ್ರಭಾಷೆ ನಿಜ, ಆದರೆ 2023ರ ಜನಗಣತಿಯಲ್ಲಿ ಅದನ್ನು ಮನೆಮಾತು ಎಂದವರು ಶೇ. 10ಕ್ಕಿಂತ ಕಡಿಮೆ. ಪಂಜಾಬಿಯೇ ಜಾಸ್ತಿ. ಪಶ್ತೋ, ಸಿಂಧಿ, ಸರೈಕಿ ಆಡುವವರೂ ಬಹಳ ಜನ.

ನನಗೆ ತುಂಬಾ ಇಷ್ಟವಾದದ್ದು ಬಲೂಚಿಸ್ತಾನದ ಬ್ರಾಹುಯಿ. ಕಲಾತ್, ಖುಜ್ದಾರ್ ಕಡೆಯ ಈ ಮಾತು ನಮ್ಮ ಕನ್ನಡದ ಹಾಗೇ ದ್ರಾವಿಡ ಭಾಷೆ! ಕಣ್ಣಿಗೆ ‘ಖನ್’, ಕಲ್ಲಿಗೆ ‘ಖಲ್’, ಬಾಯಿಗೆ ‘ಬಾ’. ನೀನು ಅನ್ನೋದಕ್ಕೆ ‘ನೀ’, ಥೇಟ್ ನಮ್ಮ ಮನೆಯ ಮಾತೇ ಅಲ್ವಾ? ಎಣಿಸುವಾಗ ಎರಡಕ್ಕೆ ‘ಇರಟ್’, ಮೂರಕ್ಕೆ ‘ಮುಸಿಟ್’. ನಾಲ್ಕಕ್ಕೆ ಮಾತ್ರ ‘ಚಾರ್’. ಬಲೂಚಿ ಜನರ ಜೊತೆ ಶತಮಾನಗಳಿಂದ ಬೆರೆತು ಬದುಕಿದವರು, ಅಲ್ಲಿಂದ ಮುಂದಿನ ಎಣಿಕೆಯೆಲ್ಲ ಹೊರಗಿನಿಂದ ಬಂದದ್ದು.